ಕಿಟಕಿಯವರು, ಬಾತುಕೋಳಿಯವರು

ನಮ್ಮ ಹಿತ್ತಿಲ ಸೀಬೆ ಗಿಡದಲ್ಲಿ ಈಗ ಹಣ್ಣಿಗಿಂತ ಹೆಚ್ಚಾಗಿ ಸೀಡಿಗಳು ಬಿಟ್ಟಿವೆ. ಗಿಣಿಗಳ ಕಾಟ ತಡೆಯಲಾರದೆ ನಾನೇ ದಾರ ಪೋಣಿಸಿ ಕಟ್ಟಿದ್ದು. ಬಿಸಿಲಿಗೆ ಫಳಫಳ ಹೊಳೆದರೆ ಗಿಣಿಗಳು ಹೆದರುತ್ತವೆ ಎಂದು ಪಕ್ಕದ ಮನೆಯವರು ಹೇಳಿದ್ದರು. ಒಂದೆರಡು ದಿನ ಹೆದರಿದ್ದೂ ನಿಜ. ಆಮೇಲೆ ಒಂದು ಗಿಣಿ ಧೈರ್ಯ ಮಾಡಿ ಹತ್ತಿರ ಬಂದು, ಸೀಡಿಯಲ್ಲಿ ತನ್ನ ಮುಖ ನೋಡಿಕೊಂಡು, ಕತ್ತನ್ನು ಅತ್ತ ಇತ್ತ ಕೊಂಕಿಸಿ, ಮೆಚ್ಚಿಕೊಂಡು ಹೋಯಿತು. ಈಗ ಬಳಗವನ್ನೆಲ್ಲ ಕರೆತರುತ್ತದೆ. ಮೊದಲು ಕನ್ನಡಿ ನೋಡುವುದು, ಆಮೇಲೆ ಹಣ್ಣು ತಿನ್ನುವುದು. ನನ್ನ ಉಪಾಯಗಳೆಲ್ಲ ಸಾಮಾನ್ಯವಾಗಿ ಹೀಗೇ ಕೊನೆಯಾಗುತ್ತವೆ.

ಮೊನ್ನೆ ಬಟ್ಟೆ ಒಣಹಾಕಲು ಹೋದಾಗ ಗಾಳಿಗೆ ಒಂದು ಸೀಡಿ ತಿರುಗಿ ಬೆನ್ನು ತೋರಿಸಿತು. ಮೇಲೆ ಕಪ್ಪು ಮಾರ್ಕರಿನಲ್ಲಿ ದುಂಡಗೆ ಬರೆದಿತ್ತು: ‘ಕಾಪಿ ಮಾಡಿ, ಹಂಚಿ. ಯಾರೂ ಬೈಯಲ್ಲ.’ ನಮ್ಮಣ್ಣಯ್ಯನ ಅಕ್ಷರ. ಒಂದು ಕಾಲಕ್ಕೆ ಮಂಡ್ಯದಲ್ಲಿ ಕೈಗೆ ಸಿಕ್ಕಿದವರಿಗೆಲ್ಲ, ಮದುವೆಮನೆಯಲ್ಲಿ ತಾಂಬೂಲ ಕೊಟ್ಟ ಹಾಗೆ, ಅವನು ಇಂಥ ಸೀಡಿ ಕೊಡುತ್ತಿದ್ದ. ಒದ್ದೆ ಪಂಚೆ ಹಿಡಿದುಕೊಂಡೇ ನಾನು ಅಲ್ಲಿ ನಿಂತುಬಿಟ್ಟೆ.

ಅಣ್ಣಯ್ಯ ಎಂದರೆ ಪುಟ್ಟಸ್ವಾಮಿ, ನನ್ನ ಒಡಹುಟ್ಟಿದವನು. ನಮ್ಮೂರು ಕೆರಗೋಡು. ಮಂಡ್ಯದ ಕಾಲೇಜಿನಲ್ಲಿ ಅವನ ಪಕ್ಕ ಕೂರುತ್ತಿದ್ದ ಗೆಳೆಯ ಕೆಂಪರಾಜು. ಇಬ್ಬರೂ ಒಂದೇ ಹಾಸ್ಟೆಲ್ಲು, ಒಂದೇ ಸೈಕಲ್ಲು. ಓದು ಮುಗಿಸಿ ಇಬ್ಬರೂ ಸೇರಿ ಮಂಡ್ಯದಲ್ಲೇ, ಆಗ ಹೊಸದಾಗಿ ಬಂದಿದ್ದ ಕಂಪ್ಯೂಟರ್ ಕಲಿಸುವ ಸೆಂಟರ್ ತೆರೆದರು. ಸೆಂಟರ್ ನೆಲೆ ನಿಂತ ಮೇಲೆ ಅಣ್ಣಯ್ಯ ತನ್ನ ಗೆಳೆಯನಿಗೆ ನನ್ನನ್ನು ಕೊಟ್ಟು ಮದುವೆ ಮಾಡಿಸಿದ. ಹೀಗೆ ಕೆಂಪರಾಜು ನಮ್ಮ ಯಜಮಾನರಾದರು.

ಸೆಂಟರ್ ಇದ್ದದ್ದು ಒಂದು ಹಿಟ್ಟಿನ ಗಿರಣಿಯ ಮೇಲ್ಮಾಳಿಗೆಯಲ್ಲಿ. ಬಾಡಿಗೆ ಕಡಿಮೆ ಎಂದು ಹಿಡಿದಿದ್ದರು. ಕೆಳಗೆ ಅಕ್ಕಿ ಬೀಸಿದರೆ ಮೇಲೆ ಕೀಬೋರ್ಡು ಬೆಳ್ಳಗಾಗುತ್ತಿತ್ತು, ಮೆಣಸಿನಕಾಯಿ ಪುಡಿ ಮಾಡಿಸಲು ಯಾರಾದರೂ ಬಂದರೆ ಇಡೀ ತರಗತಿ ಸೀನುತ್ತಿತ್ತು. ನಮ್ಮವರ ಕೆಮ್ಮು ಶುರುವಾದದ್ದು ಅಲ್ಲೇ. ನಮ್ಮವ್ವ ಹಳೆಯ ಸೀರೆ ಹರಿದು ಒಂದೊಂದು ಯಂತ್ರಕ್ಕೂ ಮುಸುಕು ಹೊಲಿದುಕೊಟ್ಟಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಬೆಳಿಗ್ಗೆ ಮುಸುಕು ತೆಗೆಯುವಾಗ ನನಗೆ ಸಾಲಾಗಿ ಕೂತ ಹೊಸ ಮದುವಣಗಿತ್ತಿಯರ ಸೆರಗು ಸರಿಸಿದ ಹಾಗೆ ಅನ್ನಿಸುತ್ತಿತ್ತು. ನಾನು ಅಲ್ಲಿ ಕನ್ನಡ ಬೆರಳಚ್ಚು ಕಲಿಸುತ್ತಿದ್ದೆ. ಟೈಪ್‌ರೈಟರಿನಲ್ಲಿ ಕಲಿತ ಬೆರಳು ನನ್ನದು, ಒತ್ತಕ್ಷರ ಬಂದಾಗೆಲ್ಲ ಕೀಬೋರ್ಡಿಗೆ ಗುದ್ದುತ್ತಿದ್ದೆ. ‘ಸಾವಿತ್ರವ್ವ, ಅದು ಕಣದಲ್ಲಿ ರಾಗಿ ಬಡಿಯೋ ಕೆಲ್ಸ ಅಲ್ಲ’ ಎಂದು ಅಣ್ಣಯ್ಯ ರೇಗಿಸುತ್ತಿದ್ದ.

ಆ ಯಂತ್ರಗಳಲ್ಲೆಲ್ಲ ಇದ್ದದ್ದು ಜಗತ್ತಿನ ಅತಿ ದೊಡ್ಡ ಕಂಪನಿಯೊಂದರ ಸಿಸ್ಟಮ್, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ. ಹೆಸರು ಬೇಡ, ಅದರ ಗುರುತು ಕಿಟಕಿ ಎಂದರೆ ನಿಮಗೆ ಗೊತ್ತಾಗುತ್ತದೆ. ಇನ್ನೊಂದು ಸಿಸ್ಟಮ್ ಅಣ್ಣಯ್ಯನ ಕಣ್ಣಿಗೆ ಬಿದ್ದದ್ದು ಆಮೇಲೆ. ಅದಕ್ಕೆ ಯಜಮಾನನಿಲ್ಲ, ಬೆಲೆಯಿಲ್ಲ. ದೇಶದೇಶದ ಜನ ಕೂಡಿ ಕಟ್ಟಿದ್ದು, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಸೀಡಿಗೆ ಹಾಕಿ ಹಂಚಬಹುದು. ಒಂದು ಬೀಗ ಹಾಕಿದ ಬಾವಿ, ಇನ್ನೊಂದು ಊರಬಾವಿ ಎಂದು ಅವನು ವಿವರಿಸುತ್ತಿದ್ದ. ಅದರ ಗುರುತು ಪೆಂಗ್ವಿನ್. ಹನಕೆರೆಯಿಂದ ರೈಲಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಅದನ್ನು ಅಣ್ಣಯ್ಯನ ಯಂತ್ರದ ಪರದೆಯ ಮೇಲೆ ನೋಡಿ, ಸಾ, ಈ ಬಾತುಕೋಳಿ ಯಾಕೆ ಇಷ್ಟು ದಪ್ಪ ಅದೆ ಎಂದು ಕೇಳಿದಳು. ಅಂದಿನಿಂದ ಸೆಂಟರಿನಲ್ಲಿ ಎರಡು ಪಂಗಡ. ನಮ್ಮವರು ಕಿಟಕಿಯವರು, ಅಣ್ಣಯ್ಯ ಬಾತುಕೋಳಿಯವನು.

ಅಣ್ಣಯ್ಯನಿಗೆ ಹುಚ್ಚು ಹಿಡಿದದ್ದು ಕನ್ನಡದಿಂದ. ದೊಡ್ಡ ಕಂಪನಿಯ ಯಂತ್ರದಲ್ಲಿ ಆಗ ಕನ್ನಡ ಬರೆದರೆ ಎಷ್ಟೋ ಸಲ ಅಕ್ಷರದ ಬದಲು ಬರೀ ಚೌಕಗಳು ಕಾಣುತ್ತಿದ್ದವು. ಊರಬಾವಿಯಲ್ಲಾದರೆ ನಾವೇ ಇಳಿದು ಹೂಳು ತೆಗೆಯಬಹುದಲ್ಲ ಎಂದು ಅವನು ಹೊರಟ. ಎಲ್ಲೆಲ್ಲಿಯವರೋ ಕೆಲವರ ಜೊತೆ ಸೇರಿ ಅದರ ಇಂಗ್ಲಿಷ್ ಪದಗಳನ್ನೆಲ್ಲ ಕನ್ನಡಕ್ಕೆ ತರುತ್ತಿದ್ದ. ಪದ ಸಿಗದಿದ್ದರೆ ಕೆರಗೋಡಿಗೆ ಬಸ್ಸು ಹತ್ತಿ ಅವ್ವನನ್ನು ಕೇಳುತ್ತಿದ್ದ. ಮಾಡಿದ್ದು ತಪ್ಪಾದಾಗ ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಏನನ್ನಬೇಕವ್ವ ಎಂದ ಒಂದು ದಿನ. ಅವ್ವ ಹೂ ಕಟ್ಟುತ್ತಾ ಕೂತಿದ್ದಳು. ತಪ್ಪಿದ ಗಂಟೊಂದನ್ನು ಅವನ ಕಣ್ಣೆದುರೇ ಎಳೆದು, ‘ಬಿಚ್ಚು ಅನ್ನು’ ಎಂದಳು. ಅಣ್ಣಯ್ಯ ಹಿಗ್ಗಿಹೋದ. ಮಾರನೆಯ ದಿನ ಪರದೆಯ ಮೇಲೆ ‘ಬಿಚ್ಚು’ ಎಂಬ ಗುಂಡಿ ಕಂಡ ಹುಡುಗಿಯರು ಬಾಯಿಗೆ ವೇಲು ಅಡ್ಡ ಹಿಡಿದು ನಕ್ಕರು, ಹುಡುಗರು ವೇಲಿಲ್ಲದೆ ನಕ್ಕರು. ಒಂದು ವಾರ ಯಾರೂ ತಪ್ಪು ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆ ನಗುವಿನಲ್ಲಿ ನಮ್ಮವರೂ ಸೇರಿದ್ದರು. ಆದರೆ ಅವರ ಕಷ್ಟ ಬೇರೆ. ಮಗಳನ್ನು ಸೇರಿಸಲು ಬಂದ ರೈತರು ಅವರನ್ನು ಕೇಳುತ್ತಿದ್ದದ್ದು ಒಂದೇ ಮಾತು, ಇದು ಕಲಿತರೆ ಕೆಲಸ ಸಿಗ್ತದಾ ಎಂದು. ಆಫೀಸುಗಳಲ್ಲಿ ಕೇಳುತ್ತಿದ್ದದ್ದು ಕಿಟಕಿಯ ವಿದ್ಯೆಯನ್ನೇ. ಆ ಕಾಲದ ಎಷ್ಟೋ ಕಡೆ ಇದ್ದ ಹಾಗೆ ನಮ್ಮಲ್ಲೂ ಇದ್ದದ್ದು ಕಳ್ಳ ಪ್ರತಿ. ಮಕ್ಕಳಿಗೆ ಕದ್ದ ಮಾಲಿನಲ್ಲಿ ಪಾಠ ಹೇಳುತ್ತೀಯ ಎಂದು ಅಣ್ಣಯ್ಯ ಚುಚ್ಚಿದಾಗ ನಮ್ಮವರು ಊಟ ಬಿಟ್ಟರು. ಆಮೇಲೆ ಹಟ ಹಿಡಿದು ಅಸಲಿ ಪ್ರತಿಗಳನ್ನೇ ಕೊಂಡರು, ಪರೀಕ್ಷೆ ಕಟ್ಟಿ ಆ ಸಿಸ್ಟಮ್ ಕಲಿಸಲು ಅಧಿಕೃತ ಮನ್ನಣೆ ಪಡೆದರು. ಬಾಗಿಲ ಮೇಲೆ ಕಿಟಕಿಯ ಗುರುತಿದ್ದ ಬೋರ್ಡು ಬಂತು. ಗಿರಣಿಯ ಹಿಟ್ಟು ಕೂರುತ್ತದೆಂದು ದಿನಾ ಬೆಳಿಗ್ಗೆ ಅದನ್ನು ತಮ್ಮ ಟವೆಲ್ಲಿನಲ್ಲಿ ಒರೆಸುತ್ತಿದ್ದರು.

ಆ ಬೋರ್ಡು ಅವರಿಗೆ ಯಾಕೆ ಅಷ್ಟು ಮುಖ್ಯ ಎಂದು ಗೊತ್ತಿದ್ದವನು ಅಣ್ಣಯ್ಯ ಒಬ್ಬನೇ. ನಮ್ಮ ಮಾವನವರು ಹುಡುಗರಾಗಿದ್ದಾಗ ಸಿರಿವಂತರೊಬ್ಬರ ಮನೆಯಲ್ಲಿ ಜೀತಕ್ಕಿದ್ದವರು. ದೊಡ್ಡಮನೆಯ ಜಗಲಿ ಕಾಯುತ್ತಾ ಅಲ್ಲೇ ಮಲಗುತ್ತಿದ್ದರಂತೆ, ತಮ್ಮದೆಂದು ಒಂದು ಬಾಗಿಲೂ ಇಲ್ಲದೆ. ಹಾಸ್ಟೆಲ್ಲಿನಲ್ಲಿ ಎಂದೋ ಮನಸ್ಸು ಬಿಚ್ಚಿ ನಮ್ಮವರು ಗೆಳೆಯನಿಗೆ ಅದನ್ನು ಹೇಳಿಕೊಂಡಿದ್ದರು. ನನಗೆ ಕೂಡ ಹೇಳಿರಲಿಲ್ಲ, ತಿಳಿದದ್ದು ಆಮೇಲೆ.

ಒಂದು ಭಾನುವಾರ ಅಣ್ಣಯ್ಯ ಒಬ್ಬನೇ ಸೆಂಟರಿಗೆ ಹೋಗಿ, ಅರ್ಧ ಯಂತ್ರಗಳಿಂದ ಕಿಟಕಿ ತೆಗೆದು ಬಾತುಕೋಳಿ ಹಾಕಿಬಿಟ್ಟ. ಸೋಮವಾರ ಪರೀಕ್ಷೆ ಇತ್ತು ಎಂಬುದನ್ನು ಮರೆತಿದ್ದ. ಬೆಳಿಗ್ಗೆ ಬಂದ ಮಕ್ಕಳು ಯಂತ್ರ ಚಾಲು ಮಾಡಿದರೆ ಗುರುತಿನ ಒಂದು ಚಿತ್ರವೂ ಇಲ್ಲ. ಹುಡುಗಿಯರು ಅಳಲು ಶುರು ಮಾಡಿದರು. ನಮ್ಮವರು ಅವರನ್ನೆಲ್ಲ ಮನೆಗೆ ಕಳುಹಿಸಿ ಬಾಗಿಲು ಮುಂದೆ ಮಾಡಿದರು. ನಾನೂ ಅಣ್ಣಯ್ಯನೂ ಒಳಗೇ ಇದ್ದೆವು.

“ಯಾರ್ನ ಕೇಳಿ ಆಕ್ದೆ?” ಎಂದರು.

“ಯಾರ್ನ ಕೇಳ್ಬೇಕಿತ್ತು? ಸೆಂಟ್ರು ನಂದೂ ಅಲ್ವಾ?”

“ಮಕ್ಳು ಅಳ್ತಾ ಮನೆಗ್ ಓದ್ವಲ್ಲ. ನಿನ್ ಬಾತ್ಕೋಳಿ ಕಟ್ಕಂಡು ಯಾವ್ದಾರ ಕೆರೆಗ್ ಓಗು.”

“ಓಯ್ತೀನಿ ಕಣ್ಲಾ. ನೀನಿಲ್ಲೇ ದೊಡ್ಮನೆ ಜಗ್ಲಿ ಕಾಯ್ಕಂಡು ಬಿದ್ದಿರು. ನಿಮ್ಮಪ್ಪ ಕಾದ್ನಲ್ಲ, ಅಂಗೆ.”

ಕೆಳಗೆ ಗಿರಣಿ ಓಡುತ್ತಲೇ ಇತ್ತು. ಅಣ್ಣಯ್ಯನ ಮುಖ ನೋಡಿದೆ, ತನ್ನ ಬಾಯಿಂದ ಬಂದದ್ದಕ್ಕೆ ಅವನೇ ಬೆಚ್ಚಿದ್ದ. ಏನೋ ಹೇಳಲು ಕೈ ಎತ್ತಿದ. ನಮ್ಮವರು ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತರು. ಅವನು ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದ.

ಅತ್ತಿಗೆಯ ತೌರು ಮಳವಳ್ಳಿ. ಅಲ್ಲೇ ಒಂದು ಕೋಣೆ ಹಿಡಿದು ಅಣ್ಣಯ್ಯ ಬೇರೆ ಸೆಂಟರ್ ಮಾಡಿದ. ಬೇರೆಯವರು ಬಿಸಾಕಿದ ಯಂತ್ರಗಳನ್ನು ತಂದು ಜೀವ ತುಂಬಿ ಕಲಿಸುತ್ತಿದ್ದ. ಬರುತ್ತಿದ್ದವರು ಕಡಿಮೆ. ಇತ್ತ ನಮ್ಮ ಸೆಂಟರಿನಲ್ಲಿ ಕೂರಲು ಜಾಗವಿಲ್ಲ. ಆದರೂ ನಮ್ಮವರು ಅವನ ಕುರ್ಚಿಯಲ್ಲಿ ಯಾರನ್ನೂ ಕೂರಿಸಲಿಲ್ಲ. ಅದರ ಮೇಲೆ ಹಳೆಯ ಪ್ರಿಂಟರ್ ಇಟ್ಟರು, ಜಾಗ ಇಲ್ಲ ಎಂಬ ನೆಪಕ್ಕೆ.

ಅವ್ವ ತೀರಿಕೊಂಡಾಗ ಇಬ್ಬರೂ ಚಟ್ಟದ ಮುಂದಿನ ಎರಡು ತುದಿಗೆ ಹೆಗಲು ಕೊಟ್ಟರು. ಕೆರಗೋಡಿನ ಗದ್ದೆ ಬದುವಿನ ಮೇಲೆ ಒಂದೇ ಹೆಜ್ಜೆ ಹಾಕಿಕೊಂಡು ಹೋದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಿಂದು ಬಂದ ಮೇಲೆ, ಅವನು ಏನಾದರೂ ಬಾಯಿಗೆ ಹಾಕ್ಕಂಡ್ನಾ ಎಂದು ಇಬ್ಬರೂ ಒಬ್ಬೊಬ್ಬರಾಗಿ ಬಂದು ನನ್ನನ್ನು ಕೇಳಿದರು. ನಾನು ಅವ್ವನಿಗೆ ಅಳಬೇಕೋ ಇವರಿಗೆ ಅಳಬೇಕೋ ತಿಳಿಯದೆ ಇಬ್ಬರಿಗೂ ಕಾಫಿ ಕೊಟ್ಟೆ.

ಆಮೇಲಿನ ವರ್ಷಗಳಲ್ಲಿ ನನಗೂ ಅಣ್ಣಯ್ಯನಿಗೂ ಮದ್ದೂರೇ ತೌರುಮನೆಯಾಯಿತು. ಅವನು ಮಂಡ್ಯಕ್ಕೆ ಬರುವವನಲ್ಲ, ನಾನು ಮಳವಳ್ಳಿಗೆ ಹೋದರೆ ಇವರ ಮುಖ ಸಪ್ಪಗಾಗುತ್ತದೆ. ಅದಕ್ಕೇ ಅವನು ಅತ್ತ ಕಡೆಯ ಬಸ್ಸು ಹತ್ತುವುದು, ನಾನು ಇತ್ತ ಕಡೆಯ ಬಸ್ಸು ಹತ್ತುವುದು, ಮದ್ದೂರಿನ ಬಸ್‌ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ವಡೆ ತಿಂದು ಮಾತಾಡುವುದು. ಎಷ್ಟು ಮಾತಾಡಿದರೂ ಕಡೆಗೆ ಅವನು ಕೇಳುತ್ತಿದ್ದದ್ದು ಇವರ ಕೆಮ್ಮು ಹೇಗಿದೆ ಎಂದು. ಸಂಜೆ ಮನೆಗೆ ಬಂದರೆ ಇವರು ಬಸ್ಸು ರಶ್ಶಿತ್ತಾ ಎಂದು ಕೇಳಿ, ಪೇಪರು ಹಿಡಿದು ಸುಮ್ಮನೆ ಕೂರುವರು. ಅಣ್ಣಯ್ಯ ಚೆನ್ನಾಗವ್ನೆ ಎಂದು ನಾನು ಹೇಳಿದ ಮೇಲೆಯೇ ಪುಟ ಮಗುಚುತ್ತಿದ್ದರು. ಅಂಚೆಯವನಿಗಾದರೂ ಪಿಂಚಣಿ ಬರುತ್ತದೆ, ನನಗೆ ಬಂದದ್ದು ವಡೆಯ ಎಣ್ಣೆಗೆ ಎದೆಯುರಿ.

ಒಂದು ಸಲ ನಾನು ಹೊಸ ಫೋನ್ ತೆಗೆದುಕೊಂಡು ಹೋಗಿದ್ದೆ. ಅಣ್ಣಯ್ಯ ಅದನ್ನು ಅಂಗೈಯಲ್ಲಿ ತೂಗಿ ನೋಡಿದ.

“ಇದ್ರೊಳೀಕೂ ಇರೋದು ಬಾತ್ಕೋಳಿನೆ ಕಣವ್ವ,” ಎಂದ. “ಕೆಂಪ್ರಾಜು ಜೇಬಲ್ಲೂ ಅದೇ ಅದೆ. ಏಳ್ಬೇಡ, ಬೇಜಾರ್ ಮಾಡ್ಕತಾನೆ.”

ನಾನು ಹೇಳಲಿಲ್ಲ. ಆದರೆ ಆ ಫೋನುಗಳೇ ಬಂದು ನಮ್ಮ ಸೆಂಟರನ್ನು ಬರಿದು ಮಾಡಿದವು. ಕಲಿಯುವುದೆಲ್ಲ ಅದರಲ್ಲೇ ಸಿಗುವಾಗ ಗಿರಣಿಯ ಮೆಟ್ಟಿಲು ಹತ್ತಿ ಸೀನಲು ಯಾರು ಬರುತ್ತಾರೆ? ಒಂದು ದಿನ ನಮ್ಮವರು ಬೋರ್ಡು ಇಳಿಸಿ, ಒರೆಸಿ, ಗೋಣಿಚೀಲ ಸುತ್ತಿ ಮನೆಯ ಅಟ್ಟಕ್ಕೆ ಹಾಕಿದರು. ಒಂದು ಲ್ಯಾಪ್‌ಟಾಪ್ ಮಾತ್ರ ಉಳಿಸಿಕೊಂಡರು. ಅದರಲ್ಲಿ ದಿನಾ ಆ ಕಂಪನಿಯ ಸಮಾಚಾರ ಓದುವುದು ಬಿಡಲಿಲ್ಲ, ಮದುವೆಯಾಗಿ ಹೋದ ಮಗಳ ಮನೆಯ ಸುದ್ದಿ ಕೇಳುವ ಹಾಗೆ.

ಒಂದು ಮಧ್ಯಾಹ್ನ ನಾನು ಅವರೆಕಾಳು ಸುಲಿಯುತ್ತಾ ಕೂತಿದ್ದಾಗ ಒಳಗಿಂದ ಕರೆದರು. ಲ್ಯಾಪ್‌ಟಾಪಿನಲ್ಲಿ ಎಂದಿನ ಕಿಟಕಿಯ ಪರದೆ. ಅದರ ನಡುವೆ ಕಪ್ಪು ಚೌಕ, ಒಳಗೆ ಬಿಳಿ ಅಕ್ಷರ. ಅಣ್ಣಯ್ಯನ ಯಂತ್ರಗಳಲ್ಲಿ ನಾನು ಎಷ್ಟೋ ಸಲ ಕಂಡಿದ್ದ ಕಪ್ಪು.

“ಅವ್ರೇ ಒಳೀಕ್ ಕರ್ಕಂಡವ್ರೆ, ಸಾವಿತ್ರಿ,” ಎಂದರು.

ಯಾರನ್ನು ಎಂದು ಕೇಳಿದೆ.

“ಬಾತ್ಕೋಳಿನ.”

ಕಂಪನಿ ಬದಲಾಗಿದ್ದ ಬಗೆಯನ್ನು ಅವರು ನನಗೆ ತಾಳ್ಮೆಯಿಂದ ಹೇಳಿದರು. ಬೀಗ ಹಾಕಿಕೊಂಡು ಕೂತರೆ ಇನ್ನು ನಡೆಯುವುದಿಲ್ಲ ಎಂದು ಕಂಡುಕೊಂಡು, ತನ್ನ ಕೆಲಸಗಳು ಯಾರ ಯಂತ್ರದಲ್ಲಾದರೂ ಯಾವ ಫೋನಿನಲ್ಲಾದರೂ ನಡೆಯುವಂತೆ ಮಾಡಿತ್ತಂತೆ. ತನ್ನ ತಂತ್ರಾಂಶಗಳ ಎಷ್ಟೋ ಒಳಬರಹವನ್ನು ಎಲ್ಲರಿಗೂ ಬಿಚ್ಚಿಟ್ಟಿತ್ತಂತೆ. ಎದುರಾಳಿಯ ಸಿಸ್ಟಮ್ಮನ್ನು ತನ್ನ ಮನೆಯೊಳಗೇ ಓಡಿಸಲು ಏರ್ಪಾಡು ಮಾಡಿಕೊಂಡಿತ್ತಂತೆ. ಅದು ಆಗಿಯೂ ಕೆಲವು ವರ್ಷಗಳಾಗಿದ್ದವು. ಮೊದಮೊದಲು ಓದಿದಾಗ ಇವರು ನಂಬಿರಲಿಲ್ಲ. ಈಗ ತಮ್ಮ ಕೈಯಾರೆ ಹಾಕಿ ನೋಡಿದ್ದರು. ದೊಡ್ಡಮನೆಯವರು ಹಿತ್ತಿಲ ಬಾಗಿಲಲ್ಲಿ ಬೀಗತನ ಬೆಳೆಸಿದ್ದರು, ಇವರು ಮುಂಬಾಗಿಲಲ್ಲಿ ದೊಣ್ಣೆ ಹಿಡಿದು ನಿಂತೇ ಇದ್ದರು.

“ಪುಟ್ಟಸ್ವಾಮಿಗ್ ತೋರಿಸ್ಬೇಕು,” ಎಂದರು. ಅಷ್ಟು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಅವರು ಆ ಹೆಸರು ಹೇಳಿದ್ದು ನಾನು ಕೇಳಿರಲಿಲ್ಲ.

ನಾಳೆಯೇ ಹೋಗೋಣ ಎಂದೆ. ಹಬ್ಬ ಕಳೆಯಲಿ ಎಂದರು. ಹಬ್ಬ ಕಳೆದ ಮೇಲೆ ಕೆಮ್ಮು ಇಳಿಯಲಿ ಎಂದರು. ಬರಿಗೈಯಲ್ಲಿ ಹೇಗೆ ಹೋಗುವುದು, ಏನೆಂದು ಮಾತು ಶುರು ಮಾಡುವುದು ಎಂದು ಅವರ ಯೋಚನೆ. ಕನ್ನಡಿಯ ಮುಂದೆ ನಿಂತು ತುಟಿ ಆಡಿಸುತ್ತಿದ್ದುದನ್ನು ಒಮ್ಮೆ ಕಂಡೆ. ಅಷ್ಟರಲ್ಲಿ ಅತ್ತಿಗೆಯ ಫೋನ್ ಬಂತು. ಅಣ್ಣಯ್ಯ ಪಾಠ ಹೇಳುತ್ತಿದ್ದವನು ಹಾಗೇ ಬಲಕ್ಕೆ ವಾಲಿ ಬಿದ್ದಿದ್ದ. ಮೈಸೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಉಳಿಯಲಿಲ್ಲ. ಆಸ್ಪತ್ರೆಯ ಬಾಗಿಲವರೆಗೆ ನನ್ನ ಜೊತೆ ಬಂದ ಇವರು ಒಳಗೆ ಬರಲಾರದೆ ಹೊರಗೆ ಮರದಡಿ ಕೂತಿದ್ದರು.

ಮಳವಳ್ಳಿಗೆ ಅವನನ್ನು ಕರೆತಂದ ಮೇಲೆ ಹೋದೆವು. ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ, ಕಬ್ಬಿನ ಗಾಡಿಗಳ ಹಿಂದೆ ನಿಧಾನವಾಗಿ ಹೋಗುವಾಗ ಇವರು ಲ್ಯಾಪ್‌ಟಾಪಿನ ಚೀಲವನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅಣ್ಣಯ್ಯನನ್ನು ಕಿಟಕಿಯ ಪಕ್ಕ ಮಂಚದ ಮೇಲೆ ದಿಂಬು ಕೊಟ್ಟು ಕೂರಿಸಿದ್ದರು. ಕೆನ್ನೆ ಇಳಿಬಿದ್ದಿತ್ತು, ಗಡ್ಡ ಬೆಳ್ಳಗಾಗಿತ್ತು. ಇವರನ್ನು ಕಂಡು ಕಣ್ಣು ಅರಳಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

ನಮ್ಮವರು ಮಂಚದ ಅಂಚಿನಲ್ಲಿ ಕೂತು, ಲ್ಯಾಪ್‌ಟಾಪ್ ತೆರೆದು, ಅವನ ತೊಡೆಯ ಮೇಲಿಟ್ಟರು.

“ನೋಡ್ಲಾ ಪುಟ್ಟಸ್ವಾಮಿ. ಇದು ಕಿಟ್ಕಿ. ಇದ್ರೊಳೀಕೆ ನೋಡು, ನಿಂದು. ಅವ್ರೇ ಕರ್ದು ಮಡೀಕಂಡವ್ರೆ ಕಣ್ಲಾ. ನೀನ್ ಏಳಿದ್ದೇ ಆಯ್ತು.”

ಅಣ್ಣಯ್ಯ ಪರದೆ ನೋಡಿದ. ಇವರ ಮುಖ ನೋಡಿದ. ಆಮೇಲೆ ನಕ್ಕ. ಬಾಯಿಯ ಎಡಭಾಗ ಮಾತ್ರ ನಕ್ಕಿತು, ಗಂಟಲಿನಿಂದ ಏನೋ ಸದ್ದು ಬಂತು. ನಮ್ಮವರು ಹಿರಿಹಿರಿ ಹಿಗ್ಗಿ, ಇನ್ನೂ ಇದೆ ನೋಡು ಎಂದು ಒಂದೊಂದೇ ತೋರಿಸತೊಡಗಿದರು. ಒಂದಿಡೀ ತರಗತಿಗೆ ಪಾಠ ಹೇಳುವ ಹಾಗೆ ಹೇಳಿದರು. ಇಬ್ಬರಿಗೂ ಕಣ್ಣಲ್ಲಿ ನೀರು ಬರುತ್ತಿತ್ತು.

ನಾನು ಕಾಫಿ ಲೋಟ ಹಿಡಿದು ಅಡುಗೆಮನೆಗೆ ಹೋದೆ. ಅತ್ತಿಗೆ ಒಲೆಯ ಮುಂದೆ ನಿಂತಿದ್ದಳು. ಅಣ್ಣಯ್ಯ ನಕ್ಕ ಎಂದು ಹೇಳಿದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಈಗ ಎಲ್ಲದಕ್ಕೂ ನಗುತ್ತಾರೆ, ಎಲ್ಲದಕ್ಕೂ ಅಳುತ್ತಾರೆ, ಬೆಳಿಗ್ಗೆ ಗೋಡೆಯ ಹಲ್ಲಿ ನೋಡಿಯೂ ಹೀಗೇ ನಕ್ಕರು ಎಂದಳು. ಅದನ್ನು ನಾನು ಹೊರಗೆ ಬಂದು ಹೇಳಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ, ಚಿಕ್ಕರಸಿನಕೆರೆಯ ಹತ್ತಿರ ಇರಬೇಕು, ಇವರು ಹೊರಗೆ ನೋಡುತ್ತಲೇ ಕೇಳಿದರು.

“ಅವ್ನಿಗೆ ತಿಳೀತು ಅಂತೀಯಾ?”

“ತಿಳೀತು,” ಎಂದೆ.

ಅವರಿಗೂ ಅಷ್ಟು ನಂಬಿಕೆ ಬರಲಿಲ್ಲವೋ ಏನೋ. ಆಮೇಲೆ ವಾರವಾರವೂ ಹೊರಟರು. ಮೊದಲೆರಡು ವಾರ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಅದೇ ಪಾಠ ಮತ್ತೆ ಹೇಳಿದರು. ಆಮೇಲೆ ಅದನ್ನು ಮನೆಯಲ್ಲೇ ಬಿಟ್ಟು, ಬ್ಲೇಡು ಸೋಪು ಒಯ್ಯತೊಡಗಿದರು. ಅಣ್ಣಯ್ಯನನ್ನು ಅಂಗಳದ ಬಿಸಿಲಿಗೆ ಕೂರಿಸಿ, ಇಳಿಬಿದ್ದ ಕೆನ್ನೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಗಡ್ಡ ಕೆರೆಯುತ್ತಿದ್ದರು. ಇವರ ಅಪ್ಪನ ಮಾತೆತ್ತಿದ್ದಕ್ಕೆ ಅವನು ಕ್ಷಮೆ ಕೇಳಲಿಲ್ಲ, ಕೇಳಲು ಮಾತೇ ಇರಲಿಲ್ಲ. ಒಂದು ದಿನ ಮಾತ್ರ, ಇವರು ಮುಖ ಒರೆಸಿ ಏಳುವಾಗ, ಅಣ್ಣಯ್ಯ ಎಡಗೈಯಿಂದ ಇವರ ಅಂಗಿಯ ತುದಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಬಸ್ಸು ತಪ್ಪಿಹೋಯಿತು. ಇವರು ಮುಂದಿನ ಬಸ್ಸಿನವರೆಗೂ ಹಾಗೇ ಬಗ್ಗಿ ನಿಂತಿದ್ದರಂತೆ. ಅತ್ತಿಗೆ ಹೇಳಿದ್ದು.

ಶ್ರಾವಣದಲ್ಲಿ ಅಣ್ಣಯ್ಯ ಹೋಗಿಬಿಟ್ಟ. ಕಾರ್ಯ ಮುಗಿದ ಮೇಲೆ ಅತ್ತಿಗೆ ಸೆಂಟರಿನ ಬೀಗದಕೈ ತಂದು ನಮ್ಮವರ ಮುಂದೆ ಇಟ್ಟು, ಏನು ಮಾಡುವುದು ಎಂದಳು. ಇವರು ಅದನ್ನು ಜೇಬಿಗೆ ಹಾಕಿಕೊಂಡರು. ಬಾತುಕೋಳಿಯ ಸಿಸ್ಟಮ್ ಇವರಿಗೆ ಅರೆಬರೆ ಗೊತ್ತು. ಅರವತ್ತರ ಹತ್ತಿರದ ವಯಸ್ಸಿನಲ್ಲಿ ಕನ್ನಡಕ ಏರಿಸಿಕೊಂಡು, ಬಾಯಲ್ಲಿ ಪಾಠ ಒಪ್ಪಿಸುತ್ತಾ ಮನೆಯಲ್ಲಿ ಕಲಿತರು. ಈಗ ಭಾನುವಾರಗಳಲ್ಲಿ ಮಳವಳ್ಳಿಗೆ ಹೋಗಿ, ಅಣ್ಣಯ್ಯ ಅರ್ಧಕ್ಕೆ ಬಿಟ್ಟ ತರಗತಿಯನ್ನು ನಡೆಸುತ್ತಾರೆ. ಬರುವವರು ಬೆರಳೆಣಿಕೆಯಷ್ಟು ಜನ, ಹೆಚ್ಚಿನವರು ನಡುವಯಸ್ಸಿನವರು.

ಹೋದ ಭಾನುವಾರ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಹೊಸದಾಗಿ ಸೇರಿದ್ದ ಹಾಲಿನ ಡೇರಿಯ ಕಾರ್ಯದರ್ಶಿ ಪರದೆಯನ್ನು ಅನುಮಾನದಿಂದ ನೋಡಿ, ಸಾ, ಇದು ಯಾವ ಕಂಪ್ನೀದು ಎಂದು ಕೇಳಿದರು.

ನಮ್ಮವರು ಡಸ್ಟರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

“ಕಂಪ್ನೀದಲ್ಲ,” ಎಂದರು. “ನಮ್ ಪುಟ್ಟಸ್ವಾಮೀದು.”

ಮುಂದಿನ ಸಾಲಿನಲ್ಲಿ ಕೂತಿದ್ದ ಅಂಗನವಾಡಿ ಟೀಚರಮ್ಮ ಅಣ್ಣಯ್ಯ ಇದ್ದಾಗಿನಿಂದ ಬರುತ್ತಿದ್ದವರು. ಅವರು ಸಂಕೋಚದಿಂದ ಅರ್ಧ ಎದ್ದರು.

“ಆ ಸಾ ಅವ್ರ್‌ನೂ ನಾನು ಇದ್ನೇ ಕೇಳಿದ್ದೆ, ಸಾ. ಅವ್ರು ‘ನಿಮ್ದೇ ಕಣಮ್ಮ’ ಅಂದಿದ್ರು.”

ನಮ್ಮವರು ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು.

“ಅವ್ನ್ ಅಂಗಂದಿದ್ರೆ ಅಂಗೇಯ ಕಣಮ್ಮ,” ಎಂದು ಹೇಳಿ, ಬೋರ್ಡಿನ ಕಡೆ ತಿರುಗಿದರು.